ಬೈಲಾ ಹದಿನಾಲ್ಕು

ದುರ್ಗಿಗುಡಿಯಲ್ಲಿ, ಹೊಲಿಗೆ ಮಿಷನ್ ರಿಪೇರಿ ಅಂಗಡಿಯ ಮೇಲೆ
ಐದು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಟೂಲು.
ಸ್ಟೂಲಿನ ಮೇಲೆ ನಾನು, ತೊಡೆಯ ಮೇಲೆ ನಡಾವಳಿ ಪುಸ್ತಕ.
ಮೂವತ್ತೊಂದು ವರ್ಷ ಸಹಕಾರ ಸಂಘಗಳ ಕಚೇರಿಯಲ್ಲಿ
ಬೇರೆಯವರ ಜಗಳಗಳನ್ನು ಶುದ್ಧಪ್ರತಿ ಮಾಡಿದ ಕೈ ಇದು.

ಕೋರಂ ಐದು. ಕೂತವರೂ ಐದೇ,
ಆದರೆ ಹೊರಗೆ ಹೋಗುವವನನ್ನು ಎಣಿಸುವಂತಿಲ್ಲ.
ಮುನೀರರ ಸ್ಕೂಟರ್ ತುಂಗಾ ಸೇತುವೆಯ ಮೇಲೆ ಕೆಟ್ಟು ನಿಂತಿದೆಯಂತೆ.
ಅರ್ಧ ಗಂಟೆ ಕಾಯಬಹುದು, ಬೈಲಾದಲ್ಲಿದೆ.
ಕಾದೆವು.

ಓದುಗಿಳಿ ಯಾರದು ಎಂದರೆ
ಎಲ್ಲರೂ ಹೇಳುವುದು, ಗುತ್ಯಪ್ಪನದು.
ಸುಳ್ಳಲ್ಲ. ಮೊದಲ ಸಾಲು ಬರೆದವನು ಅವನೇ,
ಸೊರಬದ ಬಸ್ಸಿನ ಕಡೇ ಸೀಟಿನಲ್ಲಿ,
ಕಣ್ಣು ಕಾಣದ ಅಕ್ಕನಿಗೆ ಪೇಪರ್ ಓದಿ ಹೇಳುವ ಒಂದು ದನಿಗಾಗಿ.
ಆಮೇಲೆ ಸಾಗರದ ಸುಮೇಧಾ ಒತ್ತಕ್ಷರ ತಿದ್ದಿದಳು.
ಹೆಸರು ಹೇಳದ ಯಾರೋ ರಾತ್ರಿ ಎರಡಕ್ಕೆ
ಅಂಕಿ ಓದಲು ಕಲಿಸಿಹೋದರು.
ಈಗ ನೂರ ಹದಿನೇಳು ಜನ.
ಯಾವ ಸಾಲು ಯಾರದೆಂದು ಗುತ್ಯಪ್ಪ ತೋರಿಸಬಲ್ಲ.
ಗಿಳಿ ಯಾರದೆಂದು ತೋರಿಸಲಾರ.

ಮೊದಲು ಬಂದದ್ದು ನೂರೊಂದು ರೂಪಾಯಿ.
ಎರಡು ಲಕ್ಷ ಬಂದ ದಿನ ಹೆದರಿ ನನ್ನ ಮನೆಗೆ ಓಡಿಬಂದಿದ್ದ:
"ಮೇಡಂ, ನನ್ನ ಖಾತೇಲಿದೆ. ತೆಗೀರಿ."
ಹಾಗೆ ಹುಟ್ಟಿತು ಪ್ರತಿಷ್ಠಾನ.
ಚೆಕ್ಕಿಗೆ ಎರಡು ಸಹಿ.
ಗಿಳಿಯ ಗುಪ್ತ ಸಂಕೇತ ಮೂರು ತುಂಡು,
ಯಾವ ಎರಡು ಸೇರಿದರೂ ಬೀಗ ತೆರೆಯುತ್ತದೆ, ಒಂದಕ್ಕೆ ಜಗ್ಗದು.
ಒಂದು ತುಂಡು ಬೆನಿಟಾ ಬಾಯಿಯವರ ಬೀರುವಿನಲ್ಲಿ,
ಜನಗಣತಿ ಚೀಟಿಯ ಕೆಳಗೆ.
ಮತ್ತೆ ಹದಿನಾಲ್ಕು:
ತನಗೆ ಲಾಭವಿರುವ ವಿಷಯ ಬಂದಾಗ
ಸದಸ್ಯನು ಎದ್ದು ಹೊರಗೆ ಹೋಗತಕ್ಕದ್ದು.
ಟೈಪು ಮಾಡಿದವನು ಗುತ್ಯಪ್ಪ.

ಮುನೀರ್ ಬಂದರು, ಕೈಯೆಲ್ಲ ಗ್ರೀಸು.
ವಿಷಯ ಮೂರು: ಒಂದು ಕಂಪನಿ ಹನ್ನೆರಡು ಲಕ್ಷ ಕೊಡುತ್ತದೆ,
ಮಂಡಳಿಯಲ್ಲಿ ಒಂದು ಕುರ್ಚಿ ಕೇಳುತ್ತದೆ.
"ಇರೋದೇ ಐದು, ಕಾರ್ಯದರ್ಶಿಗೇ ಸ್ಟೂಲು" ಎಂದರು ಹೂವಮ್ಮ ಟೀಚರ್.
ಹಣ ಬಂದರೆ ರಸೀದಿ ಕೊಡುವುದು, ಕುರ್ಚಿ ಕೊಡತಕ್ಕದ್ದಲ್ಲ.

ವಿಷಯ ನಾಲ್ಕು.
ಗುತ್ಯಪ್ಪ ಎದ್ದ. ಚಪ್ಪಲಿ ಹುಡುಕಿದ. ಬಾಗಿಲು ಹಾಕಿಕೊಂಡ.

ಹೂವಮ್ಮ ಟೀಚರಿಗೆ ಕಾಗದ ಕಾಣದು.
ಅದಕ್ಕೇ ಪ್ರತಿ ಠರಾವನ್ನೂ ಗಿಳಿಯೇ ಓದಬೇಕು.
ಓದಿತು: "ಶ್ರೀ ಗುತ್ಯಪ್ಪ ಅವರಿಗೆ ಮಾಸಿಕ ಗೌರವ ದನ..."
ಸುಮೇಧಾ ಬಾಯಿಗೆ ಸೆರಗಿಟ್ಟಳು.
"ಯಾವ ದನ? ಹಾಲು ಕೊಡೋದೋ?" ಮುನೀರ್.
ಬಾಗಿಲ ಆಚೆಯಿಂದ:
"ಮಹಾಪ್ರಾಣ ನಿನ್ನೆ ಕೆಟ್ಟಿದೆ! ಎರಡು ನಿಮಿಷ, ಸರಿ ಮಾಡ್ತೀನಿ!"
"ಒಳಗೆ ಬರೋ ಹಾಗಿಲ್ಲ" ಎಂದೆ ನಾನು.
ಮೆಟ್ಟಿಲ ಮೇಲೆ ಯಾರೋ ಕೂತ ಸದ್ದು.

ಇಪ್ಪತ್ತೆರಡು ಸಾವಿರ ಕೇಳಿದ್ದ.
ಬೆನಿಟಾ ಬಾಯಿ ಪಾಸ್‌ಬುಕ್ ಬಿಡಿಸಿ ಬೆರಳೆಣಿಸಿದರು:
ಒಂಬತ್ತು ತಿಂಗಳು, ಆಮೇಲೆ ಗಿಳಿಗೆ ಕಾಳಿಲ್ಲ.
"ಅವನಿಲ್ಲದೆ ನಡೆಯುತ್ತಾ ಇದು?"
ಯಾರೂ ಮಾತಾಡಲಿಲ್ಲ. ಕೆಳಗೆ ಮಿಷನ್ ಒಂದು ಸುತ್ತು ಓಡಿ ನಿಂತಿತು.
ಕೊನೆಗೆ ಟೀಚರ್:
"ಅವನಿಲ್ಲದೆ ನಡೆಯೋ ಹಾಗೆ ಮಾಡೋಕೇ ಅವನಿಗೆ ಕೊಡೋಣ.
ಇಬ್ಬರಿಗೆ ಎಲ್ಲ ಕಲಿಸಲಿ."

ಹದಿನೆಂಟು ಸಾವಿರ.
ಸೂಚಕರು ಹೂವಮ್ಮ, ಅನುಮೋದಕರು ಮುನೀರ್.
ಪರ ನಾಲ್ಕು. ವಿರೋಧ ಒಂದು, ಬೆನಿಟಾ ಬಾಯಿ.
ಅದನ್ನೂ ಬರೆದೆ, ಕಾರಣ ಸಮೇತ.

ಕರೆದಾಗ ಬಂದ. ಎಷ್ಟೆಂದು ಕೇಳಲಿಲ್ಲ.
ಪುಸ್ತಕ ಓದಿದ, ಹದಿನೆಂಟರ ಮೇಲೆ ಒಂದು ಗಳಿಗೆ ನಿಂತ.
"ಆ ದನದ ತಪ್ಪನ್ನ ಪಟ್ಟಿಗೆ ಹಾಕಿ" ಎಂದ,
"ಸುಮೇಧಾ ಹಿಡೀಲಿ ಅದನ್ನ. ನಾನು ಮುಟ್ಟಲ್ಲ."

ಪುಟದ ಕೆಳಗೆ ನಾಲ್ಕು ಬೆರಳು ಖಾಲಿ ಉಳಿದಿತ್ತು.
ಓರೆಗೆರೆ ಎಳೆದೆ, ಹಳೇ ರೂಢಿ,
ಆಮೇಲೆ ಯಾರೂ ಏನೂ ಸೇರಿಸಬಾರದು.
ಗುತ್ಯಪ್ಪ ಆ ಗೆರೆಯನ್ನೇ ನೋಡುತ್ತಿದ್ದ,
ಖಾಲಿ ಬಿಟ್ಟರೆ ತಾನೇ ಯಾರಾದರೂ ಬಂದು ಬರೆಯುವುದು
ಎನ್ನುವವನ ಹಾಗೆ.

ಟೀಚರ್ ಕೈ ಚಾಚಿದರು: "ಸಹಿ ಎಲ್ಲಿ?"
ಅವರ ಬೆರಳು ಹಿಡಿದು ಹಸಿ ಮಸಿಯ ತುದಿಗೆ ತಂದೆ.
ಇದಕ್ಕಿಂತ ಮೇಲೆ, ಟೀಚರ್. ಇಲ್ಲಿ.