ಹನ್ನೊಂದನೆಯ ಗೂಡು

ಕಟೊವಿಚೆಯ ಅನಾಥ ಬೆಕ್ಕುಗಳ ಮನೆಯಲ್ಲಿ
ಹನ್ನೊಂದನೆಯ ಗೂಡಿನ ಚೀಟಿ
ನಾನೇ ಬರೆದದ್ದು:
ಹೆಣ್ಣು ಮರಿ, ನಾಲ್ಕು ತಿಂಗಳು, ಆಸ್ತಮಾ,
ಬದುಕಿರುವಷ್ಟು ದಿನ ಔಷಧಿ.

ಬಂದವರು ಮುದ್ದಿಸಿದರು, ಓದಿದರು,
ಪಕ್ಕದ ಗೂಡಿಗೆ ಸರಿದರು.

ಅಲೊಯ್ಜಿ ಕುಚೆರಾ ಓದಲೇ ಇಲ್ಲ.
ಕನ್ನಡಕ ಮರೆತಿದ್ದ. ಬಗ್ಗಿ ಕಿವಿಯಿಟ್ಟ.
ಮೂವತ್ತೊಂದು ವರ್ಷ ಕಲ್ಲಿದ್ದಲ ಗಣಿಗಿಳಿದ ಎದೆ
ಆ ಸಣ್ಣ ಸಿಳ್ಳಿನ ಗುರುತು ಹಿಡಿಯಿತು.

‘ಇವಳಿಗೂ ಇದೇ ತಾನೆ?’
ಕೋಟಿನ ಜೇಬಿನಿಂದ ತೆಗೆದ
ನೀಲಿ ಇನ್‌ಹೇಲರು,
ಅದಕ್ಕಂಟಿದ ತಂಬಾಕಿನ ಪುಡಿ ಸಮೇತ.

ಮೂತಿಗೆ ಮಾಸ್ಕು ಹಿಡಿಯುವುದು ಕಲಿಸಿದೆ.
ಹತ್ತು ಎಣಿಸಬೇಕು, ಎಂದೆ.

ಈಗ ಭಾನುವಾರ ಫೋನು ಮಾಡುತ್ತಾನೆ:
ಏಳಕ್ಕೇ ತಪ್ಪಿಸಿಕೊಂಡಳು, ಕಚ್ಚಿದಳು,
ಪರದೆ ಹರಿದು ಹಾಕಿದಳು ರಾಕ್ಷಸಿ.

ಮಾತಿನ ನಡುವೆ ಸುಂಯ್ಯೆನ್ನುತ್ತದೆ ಒಂದು ಉಸಿರು;
ಯಾರದೆಂದು ನಾನು ಕೇಳುವುದಿಲ್ಲ.