ಸಾಣೆಯಂಗಡಿಯಲ್ಲಿ

ಹಿಡಿಯ ಮೇಲಿದ್ದ ಕಂಪನಿ ಹೆಸರು
ತಾತನ ಅಂಗೈಯಲ್ಲೇ ಸವೆದುಹೋಗಿದೆ.
ಉಳಿದದ್ದು ಅರ್ಧ ಕಿರೀಟ, ಒಂದು ‘ಎಸ್’.

ಚಿಂತಾಮಣಿಯ ಸಾಣೆ ದಾದಾಪೀರ್
ಕನ್ನಡಕ ಹಣೆಗೇರಿಸಿ ಉಗುರಲ್ಲಿ ಮೀಟಿ ತೆಗೆದ:
ಒಂದು ಅಲಗು ಎಲ್ಲ ಚಾಕುಗಳಂತೆ.
ಇನ್ನೊಂದು ಮೊಂಡು ಮೂತಿ, ಸ್ಕ್ರೂ ತಿರುಗಿಸಲು,
ಬುಡದಲ್ಲಿ ಎಳೆಚಂದ್ರನಷ್ಟು ಕಚ್ಚು.
“ವೈರು ಸುಲಿಯೋಕಮ್ಮ. ಕರೆಂಟಿನವರ ಚಾಕು.”

ನಾವಿದರಲ್ಲಿ ಸೀಬೆಕಾಯಿ ಹೆಚ್ಚಿ ಉಪ್ಪುಖಾರ ಸವರುತ್ತಿದ್ದೆವು.

ಅಲಗಿನಂಚಿನ ಕರೀ ಗುಳಿಯ ಮೇಲೆ ಹೆಬ್ಬೆರಳಿಟ್ಟು
“ಇದು ಸಾಣೆಗೆ ಹೋಗಲ್ಲ, ಲೈನು ಕಚ್ಚಿದ್ದು” ಎಂದ.
ಹಾಗೇ ಇರಲಿ ಅಂದೆ,
ಯಾಕೋ ಬೆರಳು ಮಡಚಿಕೊಂಡು.

ತಾತ ಪಿಳ್ಳಪ್ಪನ ತೋರುಬೆರಳಿಗೆ ತುದಿಯಿರಲಿಲ್ಲ.
ನಾಯಿ ಕಚ್ಚಿತು ಅಂದಿದ್ದ ಮನೆಯಲ್ಲಿ;
ಕೆಂದನೆ ನಾಯಿ, ಬಾಲ ಮೋಟು, ಬಾಗೇಪಲ್ಲಿ ಕಡೇದು.

ಸಾಯುವವರೆಗೂ ಅಜ್ಜಿ
ಆ ನಾಯಿಗೆ ಹಿಡಿಶಾಪ ಹಾಕಿದಳು.