ಕಿಟಕಿಯೊಳಗಿನ ಗುಂಡು

ಆಕ್ರನ್ನಿನ ಟೈರು ಕಾರ್ಖಾನೆಗಳು ಹೊಗೆ ನಿಲ್ಲಿಸಿ
ನನ್ನ ಅರ್ಧ ಆಯುಸ್ಸು ಕಳೆಯಿತು.
ನಾರ್ತ್ ಹಿಲ್ಲಿನ ಮನೆಗಳನ್ನು ಹೆರೆದರೆ ಈಗಲೂ ಮಸಿ.
ನಾನು ಹೆರೆಯುವವನು. ಹಳೆ ಕಿಟಕಿಗಳ ರಿಪೇರಿ ನನ್ನ ಕಸುಬು.
ಹಸಿರು ಬಣ್ಣ, ಅದರಡಿ ಕೆನೆ,
ಅದರಡಿ ಯಾರದೋ ಮದುವೆಗೆ ಬಳಿದ ಗುಲಾಬಿ,
ಕೊನೆಗೆ ಮರ,
ಕತ್ತಲ ಕೋಣೆಯಿಂದ ಹೊರಬಂದ ಬಾಣಂತಿಯ ಹಾಗೆ
ಬೆಳಕಿಗೆ ಕಣ್ಣು ಕಿರಿದು ಮಾಡುತ್ತ.

ಈ ಬಂಗಲೆ ಕ್ಯಾಟಲಾಗು ನೋಡಿ ತರಿಸಿದ್ದು.
ರೈಲಿನ ಒಂದು ಡಬ್ಬಿ ತುಂಬ ತೊಲೆ, ಬಾಗಿಲು, ಮೊಳೆಯ ಪೀಪಾಯಿ,
ಮರದ ತುಂಡು ತುಂಡಿಗೂ ನಂಬರು ಒತ್ತಿ ಕಳಿಸಿದ್ದರಂತೆ.
ಡೊನಾಟೊ ಪೆಟ್ರೆಲ್ಲ, ಕಲ್ಲುಕುಟಿಗ,
ಇಂಗ್ಲಿಷು ಓದಲು ಬಾರದವನು,
ಅಂಕಿಗಳನ್ನಷ್ಟೇ ಓದಿ ಒಂದು ಬೇಸಿಗೆಯಲ್ಲಿ ಮನೆ ನಿಲ್ಲಿಸಿದ.
ನನ್ನಜ್ಜ ಅವನಿಗೆ ಏಣಿ ಹಿಡಿದಿದ್ದನಂತೆ.
ಹಿಡಿದಿದ್ದನೋ ಇಲ್ಲವೋ, ನಮ್ಮ ಮನೆಯಲ್ಲಿ ಹಾಗೆ ಹೇಳುತ್ತಾರೆ.

ಈಗ ಮೆಟ್ಟಿಲ ಮೇಲೆ ಒಂಬತ್ತು ಜೊತೆ ಚಪ್ಪಲಿ.
ಜಗಲಿಯಲ್ಲಿ ತಿಲಮಾಯಾ ಸಿವಾಕೋಟಿ,
ಭೂತಾನ ಬಿಡಿಸಿದ ನೇಪಾಳಿಗಳ ಪೈಕಿ,
ಹುಳಿ ಬರಿಸಿದ ಸಾಸಿವೆ ಸೊಪ್ಪು ಹರವಿ ಕೂತಿರುತ್ತಾಳೆ.
ಪರಂಪರೆ ಕಮಿಟಿಯಿಂದ ಕಾಗದ ಬಂದಿದೆ:
ಕಂಬಕ್ಕೆ ಹಗ್ಗ ಕಟ್ಟತಕ್ಕದ್ದಲ್ಲ,
ಕಿಟಕಿಗಳು ಮೂಲದಂತೆಯೇ ಇರತಕ್ಕದ್ದು.
ಅದಕ್ಕೇ ನನಗೆ ಕರೆ.

ಇಂಥ ಕಿಟಕಿ ಮೇಲೇಳುವುದು ತೋಳಬಲದಿಂದಲ್ಲ.
ಗೋಡೆಯ ಪೊಟರೆಯಲ್ಲಿ ಹುರಿಗೆ ನೇತ ಕಬ್ಬಿಣದ ಗುಂಡು
ಇಳಿಯುತ್ತದೆ, ಗಾಜು ಏರುತ್ತದೆ.
ಹುರಿ ಹರಿದರೆ ಗುಂಡು ತಳ ಸೇರಿ ಮಲಗಿಬಿಡುತ್ತದೆ
ನಲವತ್ತು ವರ್ಷ,
ಕಿಟಕಿಯೇ ಕೆಟ್ಟಿದೆಯೆಂದು ಮನೆಯವರು ಬೈಯುತ್ತಿರುತ್ತಾರೆ.

ಚೌಕಟ್ಟು ಬಿಚ್ಚಿದೆ. ಒಳಮೈಯಲ್ಲಿ ನೀಲಿ ಮಸಿ:
ಸಿ, ಇನ್ನೂರ ಹದಿನಾಲ್ಕು.
ಮುದುಕಿ ಎದ್ದು ಬಂದಳು. ಬೆರಳಿಟ್ಟಳು.
ಏನೋ ಕೇಳಿದಳು.
ಮೊಮ್ಮಗಳು ಬಿನಿಶಾ, ಆಸ್ಪತ್ರೆಯ ಸಮವಸ್ತ್ರದಲ್ಲೇ,
ನಗಲು ಹೋಗಿ ನಿಂತಳು:
"ಈ ಮನೆ ಯಾವ ಕ್ಯಾಂಪಿಂದ ಬಂತು ಅಂತ ಕೇಳ್ತಿದಾಳೆ ಅಜ್ಜಿ."

ಝಾಪಾದ ಬಯಲಲ್ಲಿ ಅವಳ ಬಿದಿರ ಗುಡಿಸಲಿಗೂ
ಒಂದು ಅಕ್ಷರ, ಒಂದು ಅಂಕಿ. ಹದಿನೆಂಟು ವರ್ಷ.
ಅಕ್ಕಿಯ ಸಾಲಿನಲ್ಲಿ ಅದೇ ಅವಳ ಹೆಸರು.
ಗಂಡ ಹೋದ ದಿನ
ಸೌದೆ ಕೊಡುವವನ ಮುಂದೆಯೂ ಅದನ್ನೇ ಹೇಳಿ ನಿಂತಳಂತೆ.

ನಾನು ಕ್ಯಾಟಲಾಗಿನ ಕತೆ ಹೇಳಿದೆ. ನಂಬಲಿಲ್ಲ.
ದುಡ್ಡು ಕೊಟ್ಟು ಯಾರಾದರೂ ನಂಬರು ಹಾಕಿಸಿಕೊಳ್ಳುತ್ತಾರೆಯೇ?

ಇಂಥ ಗುರುತನ್ನು ಉಳಿಸಬೇಕು, ಕಮಿಟಿ ಮೆಚ್ಚುತ್ತದೆ,
ಗಾಜಿನ ಹಿಂದೆ ಕಾಣುವಂತೆ ಬಿಡೋಣ ಎಂದೆ.
ಬಿನಿಶಾ ಅಷ್ಟನ್ನೂ ಅನುವಾದಿಸಿದಳು.
ಮುದುಕಿ ನನ್ನ ಕೈಯಿಂದ ಕುಂಚ ತೆಗೆದುಕೊಂಡು
ಬಿಳಿ ಅದ್ದಿ ಬಳಿದಳು. ನೀಲಿ ಇಣುಕಿತು.
ಮತ್ತೊಮ್ಮೆ ಬಳಿದಳು.
"ಬಂದಾಯಿತಲ್ಲ, ಬಿಟೊ."
ನನ್ನ ಹೆಸರು ವೀಟೊ. ತಿದ್ದಲಿಲ್ಲ.

ಹೊಸ ಹುರಿ ಕಟ್ಟಿದೆ. ಗೋಡೆಯೊಳಗೆ ಗುಂಡು
ಎಲ್ಲೋ ತಾಗಿ ಡಣ್ಣೆಂದಿತು.
ಒಂದೇ ಬೆರಳಿಗೆ ಗಾಜು ಏರಿ
ಸಾಸಿವೆಯ ಹುಳಿವಾಸನೆ ಓಹಾಯೋದ ಬೀದಿಗೆ ಇಳಿಯಿತು.

ಇನ್ನೂ ಹತ್ತು ಕಿಟಕಿ ಬಾಕಿ.
ಎಲ್ಲದರ ಹೊಟ್ಟೆಯಲ್ಲೂ ಒಂದೊಂದು ನಂಬರು ಇದ್ದೇ ಇರುತ್ತದೆ.
ಅವಳಿಗೆ ಹೇಳಿಲ್ಲ.
ಇವತ್ತು ಬರುವಾಗ
ಎರಡು ಕುಂಚ ತಂದಿದ್ದೇನೆ.